ರಾಜಹಂಸದ ಕುಲವನ್ನು ಹುಡುಕಿದ ಕಥೆ

ವರ್ಗೀಕರಣದ ಪಾಠವೆಂದರೆ ಬಹುತೇಕ ವಿದ್ಯಾರ್ಥಿಗಳಿಗೆ ಬೇಸರ. ಉರು ಹೊಡೆಯಬೇಕಾದ ಲ್ಯಾಟಿನ್ ಹೆಸರುಗಳ ಪಟ್ಟಿಯಷ್ಟೇ ಅದೆಂಬ ಭಾವನೆ ಹಲವರದು. ವಾಸ್ತವದಲ್ಲಿ ಆ ಹೆಸರುಗಳ ಹಿಂದೆ ದೀರ್ಘವಾದ ಚರ್ಚೆಯ ಇತಿಹಾಸವಿರುತ್ತದೆ. ಫ್ಲೆಮಿಂಗೊ, ಅಂದರೆ ನಾವು ಕನ್ನಡದಲ್ಲಿ ರಾಜಹಂಸವೆನ್ನುವ ಹಕ್ಕಿ, ಇದಕ್ಕೆ ಉತ್ತಮ ನಿದರ್ಶನ. ಹೆಸರಿನಲ್ಲಿ ಹಂಸವಿದ್ದರೂ ಇದು ಹಂಸವಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

1758ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಫೀನಿಕಾಪ್ಟೆರಸ್ ರೂಬರ್ ಎಂದು ನಾಮಕರಣ ಮಾಡಿದನು. ಮೊದಲ ಪದಕ್ಕೆ ಗ್ರೀಕಿನಲ್ಲಿ 'ಕೆಂಪು ರೆಕ್ಕೆಯುಳ್ಳದ್ದು' ಎಂದರ್ಥ. ಮುಂದೆ 1782ರಲ್ಲಿ ಚಿಲಿಯ ಪ್ರಭೇದ, 1798ರಲ್ಲಿ ಕಿರಿಯ ರಾಜಹಂಸ, 1811ರಲ್ಲಿ ಹಿರಿಯ ರಾಜಹಂಸ, 1854ರಲ್ಲಿ ಆಂಡೀಸ್ ಪರ್ವತದ್ದು, 1886ರಲ್ಲಿ ಜೇಮ್ಸ್ ರಾಜಹಂಸ ಹೆಸರು ಪಡೆದವು. ಹೀಗೆ ಒಟ್ಟು ಆರು ಪ್ರಭೇದಗಳು. ಕೊನೆಯದು ನಶಿಸಿಯೇ ಹೋಯಿತೆಂದು ಭಾವಿಸಿದ್ದಾಗ 1950ರ ದಶಕದಲ್ಲಿ ಆಂಡೀಸಿನ ಎತ್ತರದ ಉಪ್ಪುಸರೋವರಗಳಲ್ಲಿ ಮತ್ತೆ ಕಂಡಿತು. ಭಾರತದಲ್ಲಿರುವುವು ಹಿರಿಯ, ಕಿರಿಯ ಎರಡೇ; ಕಚ್ಛದ ರಣದಲ್ಲಿ ಇವೆರಡೂ ಗೂಡು ಕಟ್ಟುತ್ತವೆ.

ಪ್ರಭೇದಗಳನ್ನು ಎಣಿಸಿದ್ದಾಯಿತು. ಆದರೆ ಈ ಹಕ್ಕಿಯ ಬಂಧುಗಳು ಯಾರು? ನೀಳವಾದ ಕಾಲು, ಕತ್ತುಗಳನ್ನು ನೋಡಿದವರು ಕೊಕ್ಕರೆಯ ಬಳಗವೆಂದರು. ಜಾಲಪಾದ, ನೀರನ್ನು ಸೋಸಿ ತಿನ್ನುವ ಕೊಕ್ಕು, ಬಾತಿನಂತಹ ಕೂಗುಗಳನ್ನು ಗಮನಿಸಿದವರು ಬಾತುಗಳ ಬಳಗವೆಂದರು. 1867ರಲ್ಲಿ ಥಾಮಸ್ ಹಕ್ಸ್ಲಿ ಎರಡಕ್ಕೂ ನಡುವೆ ಪ್ರತ್ಯೇಕ ಗುಂಪೊಂದನ್ನೇ ಮಾಡಿ ಇದನ್ನು ಅಲ್ಲಿರಿಸಿದನು. ಬಾತಿನ ಪಕ್ಷದವರಿಗೆ ವಿಚಿತ್ರವಾದ ಸಾಕ್ಷಿಯೊಂದು ದೊರೆಯಿತು. ಅದು ಹೇನು! ರಾಜಹಂಸದ ಗರಿಗಳಲ್ಲಿರುವ ಹೇನುಗಳು ಬಾತುಗಳ ಹೇನುಗಳ ಜಾತಿಯವೇ. ಹೇನು ತಾಯಿಯಿಂದ ಮರಿಗೆ ಬರುವುದಾದ್ದರಿಂದ ಹಕ್ಕಿಗಳೂ ಒಂದೇ ವಂಶದವಿರಬೇಕೆಂಬುದು ಅವರ ತರ್ಕ. 1980ರಲ್ಲಿ ಇನ್ನಿಬ್ಬರು ವಿಜ್ಞಾನಿಗಳು ಪಳೆಯುಳಿಕೆಗಳನ್ನು ಮುಂದಿಟ್ಟು, ಇದು ದಡದಲ್ಲಿ ನಡೆದಾಡುವ ಮೆಟ್ಟುಗಾಲು ಹಕ್ಕಿಗಳ ಸಂಬಂಧಿಯೆಂದು ವಾದಿಸಿದರು.

2001ರಲ್ಲಿ ಡಿಎನ್‌ಎ ಅಧ್ಯಯನವೊಂದು ಯಾರೂ ಎಣಿಸದ ಹಕ್ಕಿಯತ್ತ ಬೆರಳು ತೋರಿತು. ಅದುವೇ ನಮ್ಮ ಕೆರೆಗಳ ಗುಳುಮುಳುಕನ ಕುಟುಂಬ. ಗಿಡ್ಡ ದೇಹದ, ಸದಾ ಮುಳುಗೇಳುವ ಈ ಹಕ್ಕಿಗೂ ಆ ನೀಳಕಾಯಕ್ಕೂ ಏನು ಹೋಲಿಕೆ? ಹಲವರು ನಂಬಲಿಲ್ಲ. ಆದರೆ 2004ರಲ್ಲಿ ಜರ್ಮನಿಯ ಜೆರಾಲ್ಡ್ ಮೇಯರ್ ಅಂಗರಚನೆಯನ್ನು ಮತ್ತೊಮ್ಮೆ ಪರೀಕ್ಷಿಸಿದಾಗ, ಅದುವರೆಗೆ ಗಣನೆಗೆ ಬಾರದಿದ್ದ ಹೋಲಿಕೆಗಳು ಕಂಡುಬಂದವು. ಎರಡರ ಮೊಟ್ಟೆಗಳ ಮೇಲೂ ಸುಣ್ಣ ಬಳಿದಂತಹ ಬಿಳಿಯ ಲೇಪವಿದೆ. ಎರಡರ ರೆಕ್ಕೆಯ ತುದಿಯಲ್ಲೂ ಹನ್ನೊಂದು ಹಾರುಗರಿಗಳಿವೆ. ಹೇನಿನ ಒಗಟೂ 2006ರಲ್ಲಿ ಬಿಡಿಸಿತು. ಅವು ವಂಶದಿಂದ ಬಂದುವಲ್ಲ, ಒಂದೇ ನೀರಿನಲ್ಲಿ ಬಾಳಿದ ಬಾತುಗಳಿಂದ ಅಂಟಿಕೊಂಡವು. ಇಂದು ವಿಜ್ಞಾನಿಗಳು ರಾಜಹಂಸ ಮತ್ತು ಗುಳುಮುಳುಕಗಳನ್ನು ಸೋದರ ಬಳಗಗಳೆಂದೇ ಒಪ್ಪಿದ್ದಾರೆ.

ಒಂದೇ ಬಗೆಯ ಬದುಕು ಬೇರೆ ಬೇರೆ ಕುಲದವರಿಗೂ ಒಂದೇ ರೂಪ ಕೊಡಬಲ್ಲದು. ಬೇರೆ ಬದುಕು ಒಡಹುಟ್ಟಿದವರನ್ನೂ ಗುರುತು ಸಿಗದಷ್ಟು ಬದಲಿಸಬಲ್ಲದು. ಇಷ್ಟನ್ನು ತಿಳಿಯಲು ವಿದ್ವಾಂಸರಿಗೆ ಎರಡೂವರೆ ಶತಮಾನ ಹಿಡಿಯಿತು. ಊರಿನ ಕೆರೆಯ ಏರಿಯ ಮೇಲೆ ಹೋಗುವಾಗ ಗುಳುಮುಳುಕ ಕಂಡರೆ ನಿಮ್ಮ ಮಕ್ಕಳಿಗೆ ತೋರಿಸಿ, ಇದು ರಾಜಹಂಸದ ಹತ್ತಿರದ ನೆಂಟನೆಂದು ಹೇಳಿ. ಅವರು ನಂಬದೆ ಪ್ರಶ್ನಿಸಿದರೆ ಇನ್ನೂ ಒಳ್ಳೆಯದು.