ಮನೆಯಲ್ಲೇ ಬಟ್ಟೆಯ ಮಾಸ್ಕ್: ಏನೇನು ಬೇಕು, ಹೊಲಿಯುವುದು ಹೇಗೆ?

ಕೋವಿಡ್ ಹರಡುತ್ತಿದ್ದ 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಮನೆಯಲ್ಲೇ ಹೊಲಿದ ಮಾಸ್ಕ್ ಧರಿಸಲು ಸಲಹೆ ನೀಡಿತು. ಎನ್-95 ಆಸ್ಪತ್ರೆ ಸಿಬ್ಬಂದಿಗೆ ಉಳಿಯಲಿ ಎಂಬುದು ಇದರ ಹಿಂದಿನ ಕಾಳಜಿ. ತಲಪಾಡಿ ಗಡಿ ಮುಚ್ಚಿ, ಕಾಸರಗೋಡಿನವರಿಗೆ ಮಂಗಳೂರಿನ ಆಸ್ಪತ್ರೆಗಳೂ ದೂರವಾಗಿದ್ದ ದಿನಗಳವು.

ಬೇಕಾದ ಸಾಮಾನು: ಒತ್ತಾಗಿ ನೇಯ್ದ ಹತ್ತಿ ಬಟ್ಟೆ (ಹಳೇ ಲುಂಗಿಯಾದರೂ ಆದೀತು), ಕತ್ತರಿ, ಟೇಪು, ಸೂಜಿ-ನೂಲು, ಗುಂಡುಸೂಜಿ, ಇಸ್ತ್ರಿಪೆಟ್ಟಿಗೆ. ಹೊಲಿಗೆ ಮೆಷಿನ್ ಇಲ್ಲದಿದ್ದರೆ ಕೈಹೊಲಿಗೆ ಸಾಕು.

ಹೊಲಿಯುವ ಕ್ರಮ:
1. ಬಟ್ಟೆಯನ್ನು ಮೊದಲೇ ಬಿಸಿನೀರಲ್ಲಿ ಒಗೆದು ಒಣಗಿಸಿ, ಆಮೇಲೆ ಕುಗ್ಗುವುದಿಲ್ಲ.
2. 9x8 ಇಂಚಿನ ಎರಡು ತುಂಡು, 18 ಇಂಚಿನ ನಾಲ್ಕು ಲಾಡಿ ಕತ್ತರಿಸಿ.
3. ತುಂಡುಗಳ ಚಂದದ ಬದಿ ಒಳಗಾಗಿಸಿ, ಲಾಡಿಗಳನ್ನು ನಡುವೆ ಇಟ್ಟು, ಅವುಗಳ ತುದಿ ನಾಲ್ಕು ಮೂಲೆಗೆ ಬರುವಂತೆ ಗುಂಡುಸೂಜಿ ಚುಚ್ಚಿ.
4. ಅರ್ಧ ಇಂಚು ಬಿಟ್ಟು ಸುತ್ತ ಹೊಲಿಯಿರಿ. ಕೆಳಗೆ ಎರಡು ಇಂಚು ತೆರೆದಿರಲಿ. ಅಲ್ಲಿಂದ ಮಗುಚಿ ಇಸ್ತ್ರಿ ಹಾಕಿ.
5. ಕೆಳಮುಖವಾಗಿ ಅರ್ಧ ಇಂಚಿನ ಮೂರು ನೆರಿಗೆ ಮಡಚಿ, ಎರಡೂ ಬದಿ ಹಾಗೂ ತೆರೆದ ಜಾಗ ಹೊಲಿಯಿರಿ.

ಗಮನಿಸಿ: ಮೂಗು, ಬಾಯಿ, ಗಲ್ಲ ಮೂರೂ ಮುಚ್ಚಬೇಕು. ಒದ್ದೆಯಾದರೆ ಬದಲಿಸಿ. ದಿನಾ ಸಾಬೂನು ಹಾಕಿ ಒಗೆದು ಬಿಸಿಲಿಗೆ ಒಣಹಾಕಿ. ಒಬ್ಬರದ್ದು ಇನ್ನೊಬ್ಬರಿಗೆ ಬೇಡ. ತಲಾ ಎರಡಾದರೂ ಇರಲಿ. ಎರಡು ವರ್ಷದೊಳಗಿನ ಮಕ್ಕಳಿಗೆ ಹಾಕಲೇಬೇಡಿ. ಸೋಂಕಿತರ ಆರೈಕೆಗೆ ಈ ಮಾಸ್ಕ್ ಸಾಲದು.