ನೆಲಮಂಗಲದ ರಸ್ತೆಯಲ್ಲಿ ದಿಲ್ಲಿಯ ಕಾನೂನು

ನೆಲಮಂಗಲದಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ ಹಾದು ಪುಣೆಯತ್ತ ಸಾಗಿದರೆ, ಇನ್ನೊಂದು ಕುಣಿಗಲ್, ಹಾಸನ ದಾಟಿ ಮಂಗಳೂರಿಗೆ ಇಳಿಯುತ್ತದೆ. ಹೆದ್ದಾರಿ ಕೇಂದ್ರದ್ದು, ಲಾರಿ ಹೇಗೆ ಓಡಬೇಕೆಂಬ ಕಾಯ್ದೆ ಸಂಸತ್ತಿನದು. ಕೈ ಅಡ್ಡ ಹಿಡಿದು ಲಾರಿ ನಿಲ್ಲಿಸುವ ಪೊಲೀಸರು ಮಾತ್ರ ರಾಜ್ಯದವರು.

ಸಂಸ್ಥಾನದ ಕಾಲದಲ್ಲಿ ಹೀಗಿರಲಿಲ್ಲ. ಬ್ರಿಟಿಷ್ ಇಂಡಿಯಾದ 1939ರ ಮೋಟಾರು ವಾಹನ ಕಾಯ್ದೆ ಮೈಸೂರಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. 1951ರಲ್ಲಿ ಅದನ್ನು ಇಲ್ಲಿಗೂ ವಿಸ್ತರಿಸಲಾಯಿತು. ಅದರಲ್ಲಿ ಲಾರಿಯ ಭಾರಕ್ಕೆ ಮಿತಿ ಇದ್ದಂತೆ ಚಾಲಕನ ದುಡಿಮೆಗೂ ಮಿತಿ ಇತ್ತು: ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿರಾಮ ಕೊಡಲೇಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆಯೆಂದು ನಿಗದಿ ಮಾಡಿತು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್ ಅದನ್ನೇ ಎತ್ತಿ ಹಿಡಿಯಿತು.

ಭಾರ, ದುಡಿಮೆ ಎಂಬ ಈ ಎರಡು ಮಿತಿಗಳಲ್ಲಿ ರಸ್ತೆಗೆ ಇಳಿದು ಬಂದದ್ದು ಒಂದೇ.

ಓವರ್‌ಲೋಡ್ ಎಂಬ ಅನುಮಾನ ಬಂದರೆ ಸಾರಿಗೆ ಇಲಾಖೆಯ ಅಧಿಕಾರಿ, ಅಂದರೆ ಚಾಲಕರ ಬಾಯಲ್ಲಿನ ಬ್ರೇಕ್ ಇನ್‌ಸ್ಪೆಕ್ಟರ್, ಮುಂದಿನ ದಾರಿಯಿಂದ 10 ಕಿ.ಮೀ. ಒಳಗಿರುವ ವೇಬ್ರಿಡ್ಜ್‌ಗೆ ಲಾರಿಯನ್ನು ಕಳಿಸಬಹುದು. ಲಾರಿ ತಟ್ಟೆ ಏರುತ್ತದೆ, ತೂಕದ ಚೀಟಿ ಬರುತ್ತದೆ, ಆರ್‌ಸಿಯಲ್ಲಿರುವ ಒಟ್ಟು ತೂಕದ ಜೊತೆ ತಾಳೆ ನೋಡುತ್ತಾರೆ. ಹೆಚ್ಚಿನ ಸರಕು ಇಳಿಸದೆ ಹೊರಡುವಂತಿಲ್ಲ. 2,000 ರೂಪಾಯಿ ಜೊತೆಗೆ ಟನ್‌ಗೆ 1,000 ಇದ್ದ ದಂಡ 2019ರ ಸೆಪ್ಟೆಂಬರ್ 1ರಿಂದ 20,000 ಮತ್ತು ಟನ್‌ಗೆ 2,000 ಆಯಿತು. ಕೆಲವು ರಾಜ್ಯಗಳು ಮುಂಗಡ ಹಣ ಕಟ್ಟಿಸಿಕೊಂಡು ಹೆಚ್ಚು ಭಾರಕ್ಕೆ ಕಾರ್ಡು ಕೊಡುತ್ತಿದ್ದವು. 2005ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. 2018ರಲ್ಲಿ ಕೇಂದ್ರವೇ ಮೂರು ಆಕ್ಸಲ್ ಲಾರಿಯ ಮಿತಿಯನ್ನು 25 ಟನ್‌ನಿಂದ 28.5ಕ್ಕೆ ಏರಿಸಿತು. ಭಾರದ ಬಗ್ಗೆ ಇಷ್ಟೆಲ್ಲ ಚರ್ಚೆ, ತಿದ್ದುಪಡಿ, ತೀರ್ಪು ನಡೆದಿವೆ.

ಚಾಲಕ ಎಷ್ಟು ಹೊತ್ತಿನಿಂದ ಸ್ಟೇರಿಂಗ್ ಹಿಡಿದಿದ್ದಾನೆ ಎಂದು ಹೇಳುವ ಚೀಟಿ ಯಾವ ವೇಬ್ರಿಡ್ಜ್‌ನಲ್ಲೂ ಸಿಗುವುದಿಲ್ಲ. ಅಮೆರಿಕದಲ್ಲಿ ರಾಜ್ಯದ ಪೊಲೀಸರೇ ಫೆಡರಲ್ ನಿಯಮದ ಪ್ರಕಾರ ಲಾರಿಯ ಎಲೆಕ್ಟ್ರಾನಿಕ್ ದಾಖಲೆ ನೋಡುತ್ತಾರೆ. 11 ಗಂಟೆ ಮೀರಿ ಓಡಿಸಿದವನು ಅಲ್ಲೇ ನಿಂತು 10 ಗಂಟೆ ವಿಶ್ರಾಂತಿ ಪಡೆಯಬೇಕು. ನಮ್ಮಲ್ಲಿ 2025ರವರೆಗೆ ಇದ್ದ 1961ರ ಕಾಯ್ದೆಯ ಜಾರಿ ಕಾರ್ಮಿಕ ಇಲಾಖೆಗೆ ಸೇರಿತ್ತು, ಅದೂ ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ ಮಾತ್ರ. ಒಂದೇ ಲಾರಿ ಇಟ್ಟುಕೊಂಡು ತಾನೇ ಓಡಿಸುವ ಮಾಲೀಕನ ಕಡೆಗೆ ಆ ಇಲಾಖೆಯ ಇನ್‌ಸ್ಪೆಕ್ಟರ್ ಬರುತ್ತಲೇ ಇರಲಿಲ್ಲ.

ಚಾಲಕನ ಹೊತ್ತನ್ನು ಏರುಪೇರು ಮಾಡುವ ನಿಯಮವೂ ಒಂದಿದೆ: ಹಗಲು ಬೆಂಗಳೂರಿನೊಳಗೆ ಭಾರಿ ಲಾರಿಗಳಿಗೆ ನಿರ್ಬಂಧ. ಹಾಗಾಗಿ ನಗರಕ್ಕೆ ಸರಕು ತರುವವರು ಹೊರಗೇ ಕಾದು, ಊರೆಲ್ಲ ಮಲಗಿದ ಮೇಲೆ ಗಾಡಿ ತೆಗೆಯುತ್ತಾರೆ. 2025ರ ಏಪ್ರಿಲ್‌ನಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದಾಗ ಡೀಸೆಲ್ ಬೆಲೆ, ಟೋಲ್, ಗಡಿಯ ಆರ್‌ಟಿಒ ಚೆಕ್‌ಪೋಸ್ಟ್‌ಗಳ ಜೊತೆಗೆ ಈ ನಿರ್ಬಂಧದ ಮಾತೂ ಎದ್ದಿತು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಬಳಸಿ ಹೊಸಕೋಟೆಗೆ ಹೋಗುವ ವರ್ತುಲ ರಸ್ತೆ ಬಂದ ಮೇಲೆ ಪುಣೆಯಿಂದ ಚೆನ್ನೈಗೆ ಹೋಗುವ ಲಾರಿ ನಗರವನ್ನು ಮುಟ್ಟಬೇಕಾಗಿಲ್ಲ, ಕಾಯಬೇಕಾಗಿಯೂ ಇಲ್ಲ. ಇಂಥ ರಸ್ತೆಯಲ್ಲಿ ಕ್ಯಾಮೆರಾ, ವೇಬ್ರಿಡ್ಜ್ ಎಷ್ಟು ಅಗತ್ಯವೋ ಲಾರಿ ನಿಲ್ಲಿಸಿ ಮಲಗುವ ಜಾಗವೂ ಅಷ್ಟೇ ಅಗತ್ಯ. ಓಡಿಸಿದ ಗಂಟೆಗಳ ಲೆಕ್ಕವನ್ನು ಚಾಲಕನಿಂದಲ್ಲ, ಮಾಲೀಕನಿಂದ ಕೇಳುವ ಅಧಿಕಾರಿಯೂ ಬೇಕು.