ದುಡಿಮೆ, ದೇವರು, ಉಳಿಕೆ

ಯಾವ ವಸ್ತು ಬೇರೆಲ್ಲವನ್ನೂ ಬಿಟ್ಟು ಯಾವುದರೊಡನೆ ಕೂಡಲು ಒಲಿಯುತ್ತದೆ ಎಂಬುದನ್ನು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಟೋರ್ಬರ್ನ್ ಬರ್ಗ್‌ಮನ್ 1775ರಲ್ಲಿ ವಿವರಿಸಿದ. ಆ ಕಲ್ಪನೆಯನ್ನೇ ಗಯಟೆ 1809ರ ತನ್ನ ಕಾದಂಬರಿಯಲ್ಲಿ ಗಂಡುಹೆಣ್ಣುಗಳ ಸಂಬಂಧಕ್ಕೆ ಒಡ್ಡಿ ನೋಡಿದ. ಅದನ್ನು ಸಮಾಜಶಾಸ್ತ್ರಕ್ಕೆ ತಂದವನು ಮ್ಯಾಕ್ಸ್ ವೇಬರ್. ಪ್ರಾಟೆಸ್ಟಂಟ್ ನೀತಿಯನ್ನೂ ಬಂಡವಾಳಶಾಹಿಯ ಮನೋಧರ್ಮವನ್ನೂ ಕುರಿತು 1904-05ರಲ್ಲಿ ಎರಡು ಕಂತುಗಳಲ್ಲಿ ಅವನು ಪ್ರಕಟಿಸಿದ ಅಧ್ಯಯನದ ತಿರುಳು ಈ ಆಯ್ಕೆಯ ನಂಟು. ಬೇರೆ ಬೇರೆ ಕಾರಣಕ್ಕೆ ಹುಟ್ಟಿದ ಎರಡು ಸಂಗತಿಗಳು ಒಂದನ್ನೊಂದು ಕಂಡುಕೊಂಡು ಪರಸ್ಪರ ಬಲಗೊಳ್ಳುವುದು ಎಂದು ಇದರರ್ಥ. ಪ್ರಾಟೆಸ್ಟಂಟ್ ಧರ್ಮವೇ ಬಂಡವಾಳಶಾಹಿಯನ್ನು ಹೆತ್ತಿತು ಎಂದು ವೇಬರನ ಹೆಸರಿನಲ್ಲಿ ಹೇಳುವವರು ಅವನು ಹೇಳದ ಮಾತನ್ನು ಹೇಳುತ್ತಿದ್ದಾರೆ.

ಜಿನೀವಾದ ಪ್ರಾಟೆಸ್ಟಂಟ್ ಧರ್ಮಸುಧಾರಕ ಕ್ಯಾಲ್ವಿನ್ ವ್ಯಾಪಾರಿಗಳಿಗೆ ಲಾಭದ ದಾರಿ ತೋರಲು ಹೊರಟವನಲ್ಲ. ಮುಕ್ತಿ ಯಾರಿಗೆ ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿದ್ದಾನೆ ಎಂದು ಅವನು ಬೋಧಿಸಿದ. ತಾನು ಆರಿಸಲ್ಪಟ್ಟವನೋ ಅಲ್ಲವೋ ಎಂಬ ತಳಮಳದಲ್ಲಿ ಮುಂದಿನ ತಲೆಮಾರುಗಳು ಎಡೆಬಿಡದ ದುಡಿಮೆಯಲ್ಲಿ ಭರವಸೆ ಹುಡುಕಿದವು. ದುಡಿದದ್ದನ್ನು ಭೋಗಕ್ಕೆ ಸುರಿಯುವಂತಿಲ್ಲ. ಹಾಗಾಗಿ ಹಣ ಮತ್ತೆ ವ್ಯಾಪಾರಕ್ಕೇ ಮರಳಿತು. ಬಟ್ಟೆ ವ್ಯಾಪಾರದಲ್ಲಿ ಇಂಥ ಮನೋಧರ್ಮ ತಂದ ಬದಲಾವಣೆಯನ್ನು ವೇಬರ್ ಚಿತ್ರಿಸಿದ್ದಾನೆ. ಹಳೆಯ ಪದ್ಧತಿಯಲ್ಲಿ ನೇಕಾರರು ನೇಯ್ದ ಬಟ್ಟೆಯನ್ನು ವ್ಯಾಪಾರಿಯ ಮನೆಗೆ ತರುತ್ತಿದ್ದರು. ಅವನ ಕೆಲಸ ದಿನಕ್ಕೆ ಐದಾರು ಗಂಟೆ, ಮಿಕ್ಕ ಹೊತ್ತು ಗೆಳೆಯರೊಡನೆ. ಒಂದು ದಿನ ಅಂಥ ಮನೆತನದ ಯುವಕನೊಬ್ಬ ತಾನೇ ಹಳ್ಳಿಗೆ ಹೋಗಿ ನೇಕಾರರನ್ನು ಆರಿಸುತ್ತಾನೆ, ಅವರ ಮೇಲಿನ ಹಿಡಿತ ಬಿಗಿಮಾಡುತ್ತಾನೆ, ಗಿರಾಕಿಯನ್ನು ನೇರವಾಗಿ ಕಾಣುತ್ತಾನೆ. ಹೊಸ ಯಂತ್ರವಿಲ್ಲ, ಹೇಳಿಕೊಳ್ಳುವಂಥ ಹೊಸ ಬಂಡವಾಳವೂ ಇಲ್ಲ, ಆದರೂ ಊರಿನ ನೆಮ್ಮದಿಯ ವ್ಯಾಪಾರ ಮುರಿದುಬೀಳುತ್ತದೆ. ಓರ್ಲಿಂಗ್‌ಹೌಸನ್ನಿನಲ್ಲಿ ಲಿನನ್ ವ್ಯಾಪಾರ ನಡೆಸುತ್ತಿದ್ದ, ಮ್ಯಾಕ್ಸ್ ವೇಬರನ ದೊಡ್ಡಪ್ಪ ಕಾರ್ಲ್ ಡಾವಿಡ್ ವೇಬರನೇ ಈ ಚಿತ್ರದ ಹಿಂದಿದ್ದಾನೆ ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ.

ಮೆಡಿಚಿ ಬ್ಯಾಂಕು ಫ್ಲಾರೆನ್ಸಿನಲ್ಲಿ 1397ರಲ್ಲೇ ಶುರುವಾಗಿತ್ತು, ಜೋಡಿ ನಮೂದಿನ ಲೆಕ್ಕವನ್ನು ವಿವರಿಸಿದ ಪಾಚೋಲಿಯ ಗ್ರಂಥ 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಪ್ರಾಟೆಸ್ಟಂಟ್ ಪಂಥಕ್ಕೆ ನಾಂದಿಯಾದ ಲೂಥರ್ ದನಿಯೆತ್ತಿದ್ದು 1517ರಲ್ಲಿ, ಹಾಗಾಗಿ ಬಂಡವಾಳಶಾಹಿ ಅದಕ್ಕಿಂತ ಹಳೆಯದು ಎಂಬ ಆಕ್ಷೇಪವಿದೆ. ಇದು ವೇಬರನನ್ನು ತಟ್ಟುವುದಿಲ್ಲ. ಹಣ ಮಾಡುವ ಆಸೆ ಎಲ್ಲ ಕಾಲದಲ್ಲೂ ಇತ್ತೆಂದು ಅವನೇ ಒಪ್ಪಿದ್ದ; ಆ ಆಸೆ ಕರ್ತವ್ಯವಾಗಿ ಮಾರ್ಪಟ್ಟದ್ದು ಹೇಗೆ ಎಂಬುದು ಅವನ ಪ್ರಶ್ನೆ. 2009ರಲ್ಲಿ ಅರ್ಥಶಾಸ್ತ್ರಜ್ಞರಾದ ಬೆಕರ್ ಮತ್ತು ವೋಸ್‌ಮನ್ ಎತ್ತಿದ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಪ್ರಷ್ಯದ ಪ್ರಾಟೆಸ್ಟಂಟ್ ಜಿಲ್ಲೆಗಳ ಏಳಿಗೆಯನ್ನು ಅಕ್ಷರಜ್ಞಾನದಿಂದಲೇ ಬಹುಮಟ್ಟಿಗೆ ವಿವರಿಸಬಹುದು. ವೇಬರ್ ತೋರಿದ ಮಿತವ್ಯಯದ ದಾರಿಗೆ ಇದರಿಂದ ಪೆಟ್ಟು ಬಿದ್ದಿದೆ. ಆದರೆ ಬೈಬಲ್ ಓದಲೆಂದು ಕಲಿತ ಅಕ್ಷರ ಅಂಗಡಿಯ ಲೆಕ್ಕಕ್ಕೆ ಒದಗಿದ್ದೂ ಯಾರೂ ಯೋಜಿಸದ ನಂಟೇ.

ಹೀಗೆಂದು ಹೊಂದಿಕೆ ಕಂಡಲ್ಲೆಲ್ಲ ನಂಟು ಎನ್ನತೊಡಗಿದರೆ ಈ ಕಲ್ಪನೆಗೆ ಬೆಲೆಯಿರದು. ಕನ್ನಡದಲ್ಲಿ ಈ ಅಪಾಯ ಹತ್ತಿರದ್ದು. ಹಿಂದೂ ಧರ್ಮವನ್ನು ಕುರಿತ ಅಧ್ಯಯನದಲ್ಲಿ ವೇಬರ್ ಲಿಂಗಾಯತರನ್ನು ಜಾತಿವ್ಯವಸ್ಥೆಯ ವಿರುದ್ಧದ ಪ್ರತಿಭಟನೆಯಾಗಿ ಕಂಡಿದ್ದ. ಶರಣರ ಕಾಯಕವನ್ನು ಪ್ರಾಟೆಸ್ಟಂಟ್ ನೀತಿಯ ಪಕ್ಕದಲ್ಲಿಡುವ ಬರಹಗಳೂ ಬಂದಿವೆ. ದುಡಿಮೆ ಪವಿತ್ರ ಎಂಬಲ್ಲಿ ಎರಡೂ ಕೂಡುತ್ತವೆ, ನಿಜ. ಆದರೆ ಉಳಿದದ್ದರ ಗತಿಯೇನು? ಆಯ್ದಕ್ಕಿ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ತಂದಲ್ಲೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳೆಂದು ಶರಣ ಪರಂಪರೆ ಹೇಳುತ್ತದೆ. ಕ್ಯಾಲ್ವಿನನ ಅನುಯಾಯಿಯ ಉಳಿಕೆ ಬಂಡವಾಳವಾಯಿತು, ಶರಣರ ಗಳಿಕೆ ದಾಸೋಹಕ್ಕೆ ಸಂದಿತು. ಕಾಯಕವನ್ನು ಬಂಡವಾಳಶಾಹಿಯ ಸಂಬಂಧಿ ಎನ್ನುವವರು ಮೊದಲು ದಾಸೋಹಕ್ಕೆ ಉತ್ತರ ಹೇಳಬೇಕು.